ಗೊತ್ತಪ್ಪನವರ ನಾಲ್ಕನೆಯ ಪದರ

ಕಷ್ಟಕಾಲಕ್ಕೆ ಒದಗಲಿ ಎಂದು ದೇವರು ಪ್ರತಿಯೊಬ್ಬರ ನಾಲಿಗೆಯ ಮೇಲೂ ‘ಗೊತ್ತಿಲ್ಲ’ ಎಂಬ ಒಂದು ಮಾತನ್ನು ಇಟ್ಟೇ ಭೂಮಿಗೆ ಕಳಿಸುತ್ತಾನೆ. ನಮ್ಮ ಗೊತ್ತಪ್ಪನವರನ್ನು ಕಳಿಸುವ ದಿನ ಅವನಿಗೂ ಕೈತುಂಬ ಕೆಲಸವಿತ್ತೆಂದು ಕಾಣುತ್ತದೆ, ಇಡುವುದನ್ನು ಮರೆತ. ಮರೆತದ್ದು ಸಾಲದೆಂದು ಅವರನ್ನು ಒಯ್ದು ಬಸ್ ನಿಲ್ದಾಣದ ವಿಚಾರಣೆಯ ಕಿಂಡಿಯ ಹಿಂದೆ ಕೂರಿಸಿದ.

ಆ ಕಿಂಡಿಯೊಳಗೆ ಮುಖ ತೂರಿಸಿ ಏನನ್ನೇ ಕೇಳಿ, ಉತ್ತರ ತಯಾರು.

“ಸಾರ್, ಬೆಳಗಿನ ಬಸ್ಸು ಹೋಯ್ತಾ?”

“ಗೊತ್ತು. ಹೋಗಿದ್ರೆ ಹೋಗಿರುತ್ತೆ.”

“ಮುಂದಿನದು ಯಾವಾಗ ಸಾರ್?”

“ಗೊತ್ತು. ಬಂದಾಗ ಹೊರಡುತ್ತೆ, ಓಡಿ ಹತ್ತಿಕೊಳ್ಳಿ.”

ಕೇಳಿದವರು ಸಮಾಧಾನವಾಗಿಯೇ ಹೋಗುತ್ತಿದ್ದರು. ಬಸ್ಸು ತಪ್ಪಿದರೆ ತಮ್ಮ ಹಣೆಬರಹವನ್ನು ಬಯ್ದುಕೊಳ್ಳುತ್ತಿದ್ದರೇ ಹೊರತು ಕಿಂಡಿಯನ್ನಲ್ಲ. ‘ಗೊತ್ತಪ್ಪ’ ಎಂಬ ಹೆಸರನ್ನು ಬೀದಿಯವರು ಮೊದಮೊದಲು ಬೆನ್ನ ಹಿಂದೆ ಕರೆದರು. ಅವರು ಅದನ್ನು ಬಿರುದೆಂದು ಭಾವಿಸಿ ಹೊರಳಿ ನೋಡಿ ನಗತೊಡಗಿದ ಮೇಲೆ ಮುಖಕ್ಕೇ ಕರೆದರು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಸಂಬಳದ ದಿನ ಮಾತ್ರ ಬಳಕೆಯಲ್ಲಿದೆ.

ಹೀಗೆ ಲೋಕಕ್ಕೆಲ್ಲ ಉತ್ತರ ಹೇಳುವ ಗೊತ್ತಪ್ಪನವರ ಎದೆಯಲ್ಲಿ ಒಂದೇ ಒಂದು ಮುಳ್ಳು ಮುರಿದುಕೊಂಡಿತ್ತು. ಅದರ ಹೆಸರು ‘ಆದರೆ’.

ಅವರ ಮಾವನವರು ರೈಲಿನ ಗಾರ್ಡಾಗಿದ್ದವರು. ಹಸಿರು ಬಾವುಟ, ಕೆಂಪು ಬಾವುಟ, ಕೊರಳಲ್ಲಿ ಸೀಟಿ. ಮಾತು ಕಡಿಮೆ, ಆಡಿದ ಮಾತಿಗೆ ಗಾಡಿಯೇ ಹೊರಡಬೇಕು ಅಥವಾ ಗಾಡಿಯೇ ನಿಲ್ಲಬೇಕು. ಮದುವೆಯಾದ ಮಾರನೆಯ ದಿನ ಮಗಳು ಅಳಿಯನನ್ನು ಕರೆದುಕೊಂಡು ಪ್ಲಾಟ್‌ಫಾರ್ಮಿಗೆ ಹೋಗಿ, “ಅಪ್ಪಾ, ಹೇಗಿದ್ದಾರೆ ಇವರು?” ಎಂದು ಕೇಳಿದ್ದಳು. ಮಾವನವರು ಅಳಿಯನನ್ನು ಇಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ನೋಡಿ, “ಹುಡುಗ ಒಳ್ಳೆಯವನು. ಆದರೆ...” ಎಂದರು. ಅಷ್ಟರಲ್ಲಿ ಇಂಜಿನ್ನು ಕೂಗಿತು. ಅವರು ಬಾವುಟ ಬೀಸಿದರು, ಡಬ್ಬಿ ಹತ್ತಿದರು, ಹೋದರು. ಗಾಡಿಯೇನೋ ಊರು ಸೇರಿತು. ಮಾತು ಮಾತ್ರ ಅಲ್ಲೇ ನಿಂತಿತು. ಮಕ್ಕಳು ಹುಟ್ಟಿ, ಓದಿ, ಬೇರೆ ಊರುಗಳಲ್ಲಿ ಮನೆ ಮಾಡಿದರೂ ಆ ‘ಆದರೆ’ಯ ಮುಂದೆ ಏನಿತ್ತು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಗೊತ್ತಪ್ಪನವರಿಗೆ ಗೊತ್ತಿಲ್ಲದ ಸಂಗತಿ ಜಗತ್ತಿನಲ್ಲಿ ಅದೊಂದೇ.

ಈಗ ಆ ಮಾವನವರಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಣ್ಣಿನ ಆಸ್ಪತ್ರೆ ಇದ್ದದ್ದು ಗೊತ್ತಪ್ಪನವರ ಬೀದಿಯ ತುದಿಯಲ್ಲೇ. ಒಂದು ಕಣ್ಣು ಮೊದಲು, ಅದು ಸರಿಹೋದ ಮೇಲೆ ಇನ್ನೊಂದು. ಅಲ್ಲಿಯವರೆಗೆ ಮಗಳ ಮನೆಯಲ್ಲೇ ವಾಸ ಎಂದು ತೀರ್ಮಾನವಾಯಿತು. ಹೆಂಡತಿಗೆ ಅಪ್ಪ ಬರುವ ಸಡಗರ. ಗೊತ್ತಪ್ಪನವರಿಗೆ ‘ಆದರೆ’ ಬರುವ ಸಡಗರ.

“ಹೊಸ ಕಣ್ಣು ತೆರೆದಾಗ ಮಾವ ಮೊದಲು ನೋಡೋದು ಏನನ್ನ ಹೇಳು?” ಎಂದರು ಹೆಂಡತಿಗೆ.

“ನನ್ನ ಮುಖ ನೋಡ್ತಾರೆ.”

“ಅದನ್ನ ಮೊದಲೇ ನೋಡಿದಾರೆ. ಹೊಸ ಕಣ್ಣಿಗೆ ಹೊಸ ಟಿವಿ!”

ಅಂಗಡಿಯಲ್ಲಿ ಮಾರುವ ಹುಡುಗಿ ಒಂದೇ ಉಸಿರಿಗೆ ಸ್ತೋತ್ರ ಹೇಳುವವಳಂತೆ ಶುರುಮಾಡಿದಳು: ಫೋರ್ ಕೆ, ಹೆಚ್‌ಡಿಆರ್, ರಿಫ್ರೆಶ್ ರೇಟು, ಪಿಕ್ಸೆಲ್ಲು, ಕಾಂಟ್ರಾಸ್ಟು. ಗೊತ್ತಪ್ಪನವರು ಪ್ರತಿ ನಾಮಕ್ಕೂ ಕಣ್ಣು ಅರೆಮುಚ್ಚಿ ತಲೆದೂಗಿದರು. “ಇದರ ಅರ್ಥ ಬೇಕಾದ್ರೆ ಹೇಳ್ತೀನಿ ಸಾರ್” ಎಂದಳು. “ಗೊತ್ತಮ್ಮ” ಎಂದರು. “ಹೇಗೆ ಜೋಪಾನ ಮಾಡಬೇಕು ಅಂತ...” ಎಂದಳು. “ಅದೂ ಗೊತ್ತು” ಎಂದರು. ಹುಡುಗಿ ಕೈಮುಗಿದಳು, ಅಂಥ ಗಿರಾಕಿ ಪುಣ್ಯ ಮಾಡಿದ್ದರೆ ಮಾತ್ರ ಸಿಗುತ್ತಾನೆ.

ಟಿವಿ ಮನೆಗೆ ಬಂತು. ತಂದವನು ಅದನ್ನು ಮೇಜಿನ ಮೇಲೆ ಕೂರಿಸಿ, ವೈರು ಸಿಕ್ಕಿಸಿ, ಪರದೆಯ ಮೂಲೆಯಲ್ಲಿದ್ದ ಒಂದು ಪುಟ್ಟ ಕೆಂಪು ಚೂರಿಗೆ ಕೈಹಾಕಿ, “ಸಾರ್, ಇದನ್ನ...” ಎಂದ.

“ಮುಟ್ಟಬೇಡಪ್ಪಾ! ನನಗೆ ಗೊತ್ತು!”

ಗೊತ್ತಪ್ಪನವರ ಕೂಗಿಗೆ ಅವನು ಕೈ ಹಿಂದಕ್ಕೆಳೆದ. ನಿಮ್ಮ ಟಿವಿ, ನಿಮ್ಮ ಕಣ್ಣು ಎಂಬಂತೆ ಭುಜ ಕುಣಿಸಿ ಹೊರಟುಹೋದ. ಈ ಸಂಸಾರದಲ್ಲಿ ಅರ್ಧಕ್ಕೆ ನಿಂತ ಎರಡನೆಯ ಮಾತು ಇದು. ಮೊದಲನೆಯದಕ್ಕಾದರೂ ಇಂಜಿನ್ನು ಅಡ್ಡ ಬಂದಿತ್ತು.

ಟಿವಿ ಹಚ್ಚಿದಾಗ ಹೆಂಡತಿ ಕಣ್ಣು ಕಿರಿದು ಮಾಡಿ, “ರೀ, ಗಾಜಿನ ಮೇಲೆ ಅದೇನೋ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ತೆಗೀಬಾರದಾ?” ಎಂದಳು.

ಗೊತ್ತಪ್ಪನವರು ಆ ಕ್ಷಣದವರೆಗೆ ಆ ಹಾಳೆಯನ್ನು ಕಂಡೇ ಇರಲಿಲ್ಲ. ಆದರೆ ಕಂಡಿರಲಿಲ್ಲ ಎನ್ನುವುದಕ್ಕೂ ಗೊತ್ತಿಲ್ಲ ಎನ್ನುವುದಕ್ಕೂ ದೂರವೆಷ್ಟು? ಗಂಟಲು ಸರಿಮಾಡಿಕೊಂಡರು. ಉತ್ತರ ತಾನಾಗಿಯೇ ಒದಗಿ ಬಂತು.

“ಫೋರ್ ಕೆ ಅಂದ್ರೆ ಏನು ಅಂದ್ಕೊಂಡೆ? ನಾಲ್ಕು ಪದರ. ಒಂದನೇದು ಬೆಳಕು, ಎರಡನೇದು ಬಣ್ಣ, ಮೂರನೇದು ಗಾಜು, ನಾಲ್ಕನೇದು ಈ ಹಾಳೆ. ಇದನ್ನ ಕಿತ್ತರೆ ಏನು ಉಳಿಯುತ್ತೆ?”

“ಏನು?”

“ತ್ರೀ ಕೆ!”

ಹೆಂಡತಿ ಬೆರಳು ಮಡಚಿ ಎಣಿಸಿ ನೋಡಿದಳು. ಲೆಕ್ಕ ಸರಿಯಾಗಿತ್ತು. ಸುಳ್ಳನ್ನು ಎಲ್ಲರಿಗಿಂತ ಮೊದಲು ನಂಬುವವನು ಅದನ್ನು ಹೇಳಿದವನೇ. ಆ ಹೊತ್ತಿನಿಂದ ಗೊತ್ತಪ್ಪನವರು ನಾಲ್ಕನೆಯ ಪದರದ ಕಾವಲಿಗೆ ನಿಂತರು. ಟಿವಿಯ ಮುಂದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಅದರಾಚೆ ಯಾರೂ ಕಾಲಿಡಕೂಡದು. ಬಂದವರು ಕೈ ಹಿಂದೆ ಕಟ್ಟಿಕೊಂಡೇ ನಿಲ್ಲಬೇಕು. ಟಿವಿಯ ಜೊತೆ ಬಂದಿದ್ದ ಪುಸ್ತಕವನ್ನು, ಮೇಜು ಅಲುಗಾಡಿ ಪದರಗಳು ಕದಲಬಾರದೆಂದು, ಮೇಜಿನ ಕಾಲಿನಡಿ ಒತ್ತಾಗಿ ಇಟ್ಟರು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ತಮ್ಮ ಮದುವೆಯ ಅಂಗಿಯಿಂದ ಕತ್ತರಿಸಿದ ಬಟ್ಟೆಯಲ್ಲಿ ಆ ಹಾಳೆಯನ್ನು ಉಜ್ಜುತ್ತಿದ್ದರು. ಉಜ್ಜಿದಷ್ಟೂ ಹಾಳೆಗೆ ಗೀರು, ಗೀರಿದಷ್ಟೂ ಮಸುಕು, ಮಸುಕಾದಷ್ಟೂ ಮತ್ತೆ ಉಜ್ಜು. ಭಕ್ತಿ ಹೆಚ್ಚಿದಂತೆಲ್ಲ ದರ್ಶನ ದೂರವಾಯಿತು.

ಬೀದಿಯವರು ಟಿವಿ ನೋಡಲು ಬಂದರು. ಗೊತ್ತಪ್ಪನವರು ಪಾಠ ಹೇಳಿದರು.

“ರಿಫ್ರೆಶ್ ರೇಟು ಅಂದ್ರೆ ಏನು ರಾಯರೇ?” ಎಂದರು ಎದುರಿನ ಬೇಕರಿಯವರು.

“ಒಂದೊಂದು ಸೆಕೆಂಡಿಗೂ ಟಿವಿ ಎಷ್ಟು ಸಲ ಮುಖ ತೊಳ್ಕೊಳ್ಳುತ್ತೆ ಅನ್ನೋದು.”

“ಅಷ್ಟೊಂದು ಸಲವಾ? ನಮ್ಮನೇಲಿ ಮನುಷ್ಯರೇ ತೊಳ್ಕೊಳ್ಳಲ್ಲ!”

“ಕಾಂಟ್ರಾಸ್ಟು?” ಎಂದರು ಮೇಲಿನ ಮನೆಯ ಟೀಚರಮ್ಮ.

“ಕಪ್ಪಿಗೂ ಬಿಳಿಗೂ ಇರೋ ಜಗಳ. ಎಷ್ಟು ಜಗಳ ಇದ್ರೆ ಅಷ್ಟು ಒಳ್ಳೇದು.”

“ಹಾಗಾದ್ರೆ ನಮ್ಮನೇಲಿ ಬೇಕಾದಷ್ಟಿದೆ” ಎಂದು ಟೀಚರಮ್ಮ ಪಕ್ಕದಲ್ಲಿದ್ದ ತಮ್ಮ ಅತ್ತೆಯ ಕಡೆ ನೋಡಿದರು.

ಕೊನೆಗೆ ನಾಲ್ಕನೆಯ ಪದರದ ಮಹಿಮೆ ಹೇಳಿದಾಗ ಬೇಕರಿಯವರು ಹಣೆ ಚಚ್ಚಿಕೊಂಡರು. “ಅಯ್ಯೋ, ನಮ್ಮ ಟಿವಿ ಬಂದ ದಿನ ನಾನೇ ಕೈಯಾರೆ ಕಿತ್ತು ಬಿಸಾಕಿದ್ನಲ್ರೀ!” ಮರುದಿನ ಅವರ ಟಿವಿಯ ಮೇಲೆ ಬ್ರೆಡ್ಡಿಗೆ ಸುತ್ತುವ ಪ್ಲಾಸ್ಟಿಕ್ಕು ಬಿಗಿಯಾಗಿ ಕೂತಿತ್ತು. ಟೀಚರಮ್ಮ ಮಕ್ಕಳ ಪುಸ್ತಕಕ್ಕೆ ಹಾಕುವ ಹೊದಿಕೆಯನ್ನು ತಮ್ಮ ಹಳೆಯ ಟಿವಿಗೆ ಅಂಟಿಸಿ, ಅದಕ್ಕೂ ಒಂದು ‘ಕೆ’ ಬಡ್ತಿ ಕೊಟ್ಟರು. ನೋಡುನೋಡುತ್ತ ಬೀದಿಯ ಟಿವಿಗಳೆಲ್ಲ ಮಂಜಿನೊಳಗೆ ಇಳಿದವು. ಚಿತ್ರ ಮಸುಕಾಯಿತೆಂದು ಯಾರೂ ಬಾಯಿಬಿಡಲಿಲ್ಲ. ಕಾಣುವುದಿಲ್ಲ ಎಂದರೆ ತಮ್ಮ ಯೋಗ್ಯತೆಯೇ ಕಡಿಮೆ ಎಂದಾಗುತ್ತದಲ್ಲ.

ಮಾವನವರ ಮೊದಲ ಕಣ್ಣಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವರೇ ಬಾಗಿಲಲ್ಲಿ ನಿಂತು ಮಗಳ ಮುಖ ನೋಡಿ, “ನಿನಗೂ ಬಿಳಿ ಕೂದಲು ಬಂತೇನೇ?” ಎಂದು ಮೆಲ್ಲನೆ ಕೆನ್ನೆ ಸವರಿದರು. ಗೋಡೆಯ ಮೇಲಿನ ಹಲ್ಲಿ ಕಂಡಿತು. ಎದುರು ಬೇಕರಿಯ ಗಾಜಿನೊಳಗೆ ಬನ್ನಿನ ಮೇಲೆ ಕೂತ ನೊಣ ಕಂಡಿತು. ಮೈಲಿಯಾಚೆಯ ಸಿಗ್ನಲ್ಲಿನ ಬಣ್ಣ ಹೇಳುತ್ತಿದ್ದ ಕಣ್ಣು, ಕಳೆದುಹೋಗಿದ್ದ ಆಸ್ತಿ ಸಿಕ್ಕಂತೆ ಮನೆಯೆಲ್ಲ ಸುತ್ತಿತು.

“ಬನ್ನಿ ಮಾವ” ಎಂದು ಗೊತ್ತಪ್ಪನವರು ಅವರನ್ನು ಗೆರೆಯ ಈಚೆಗಿನ ಕುರ್ಚಿಯಲ್ಲಿ ಕೂರಿಸಿ, ಉಸಿರು ಬಿಗಿಹಿಡಿದು, ಟಿವಿ ಹಾಕಿದರು.

ಮಾವನವರು ನೋಡಿದರು. ಕಣ್ಣು ಉಜ್ಜಲು ಕೈ ಎತ್ತಿ, ಡಾಕ್ಟರಮ್ಮನ ಆಜ್ಞೆ ನೆನಪಾಗಿ ಇಳಿಸಿದರು. ಮತ್ತೆ ನೋಡಿದರು.

“ಅಳಿಯಂದ್ರೇ, ಮಸುಕಾಗಿ ಕಾಣ್ತಿದೆಯಲ್ಲ?”

ಇಲ್ಲಿ ಒಂದೇ ಒಂದು ಕ್ಷಣ ಗೊತ್ತಪ್ಪನವರ ಕೈಯಲ್ಲಿತ್ತು. ‘ಟಿವಿ ಸರಿಯಿಲ್ಲವೇನೋ ಮಾವ’ ಎಂದಿದ್ದರೆ ಕಥೆ ಇಲ್ಲಿಗೇ ಮುಗಿದು ನಾವೆಲ್ಲ ನಮ್ಮ ಕೆಲಸಕ್ಕೆ ಹೋಗಬಹುದಿತ್ತು.

“ಟಿವಿಯಲ್ಲಿ ದೋಷ ಇರೋಕೆ ಸಾಧ್ಯವೇ ಇಲ್ಲ ಮಾವ, ಇದು ಫೋರ್ ಕೆ. ನಿಮಗೆ ಹಾಕಿರೋ ಲೆನ್ಸು ಬಹುಶಃ ಟೂ ಕೆ ಇರಬೇಕು. ಕಣ್ಣು ಅಷ್ಟೆತ್ತರಕ್ಕೆ ಏರ್ತಾ ಇಲ್ಲ.”

ಮಾವನವರು ಎದ್ದು ಹೋಗಿ ಮಲಗಿದರು. ಸಂಜೆ ಮತ್ತೆ ನೋಡಿದರು, ಅದೇ ಮಂಜು. ಮಾರನೆಯ ದಿನ ನೋಡಿದರು. ಬೆಳಿಗ್ಗೆ ಉಜ್ಜಿದ್ದರಿಂದ ಮಂಜು ಇನ್ನಷ್ಟು ದಟ್ಟವಾಗಿತ್ತು. ಮಗಳ ಕೈಹಿಡಿದು ನೇರ ಆಸ್ಪತ್ರೆಗೆ ನಡೆದರು.

ಕಣ್ಣಿನ ಡಾಕ್ಟರಮ್ಮ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಮಾವನವರು ಕೊನೆಯ ಸಾಲನ್ನು ಓದಿ, ಅದರ ಕೆಳಗೆ ಮೂಲೆಯಲ್ಲಿದ್ದ ಅಚ್ಚುಕೂಟದ ಹೆಸರನ್ನೂ ಓದಿದರು.

“ಅಲ್ಲಿ ಅಚ್ಚುಕೂಟದ ಹೆಸರಿದೆ ಅಂತ ನನಗೇ ಇವತ್ತು ಗೊತ್ತಾಯ್ತು! ನಿಮ್ಮ ಕಣ್ಣಿಗೇನಾಗಿದೆ ಅಜ್ಜ?”

“ಟಿವಿ ಕಾಣಲ್ಲ ತಾಯೀ. ನೀವು ಹಾಕಿರೋದು ಟೂ ಕೆ ಲೆನ್ಸಂತೆ. ನಮ್ಮ ಅಳಿಯಂದ್ರು ಹೇಳಿದ್ರು.”

“ಅವರೇನು ಕಣ್ಣಿನ ಡಾಕ್ಟರಾ?”

“ಬಸ್ ಸ್ಟ್ಯಾಂಡಲ್ಲಿದಾರೆ.”

ಡಾಕ್ಟರಮ್ಮ ಮೇಜಿನ ಮೇಲಿದ್ದ ನೀರು ಕುಡಿದರು. ಎಷ್ಟು ಹೇಳಿದರೂ ಮಾವನವರು ಒಪ್ಪಲಿಲ್ಲ. “ಇನ್ನೊಂದು ಕಣ್ಣನ್ನೂ ಇವರ ಕೈಗೆ ಕೊಡಲ್ಲ. ಒಂದು ಕೆಡಿಸಿಕೊಂಡಿದ್ದು ಸಾಕು. ಇರೋ ಮಬ್ಬಲ್ಲೇ ಕಾಲ ಹಾಕ್ತೀನಿ” ಎಂದು ಮಗಳಿಗೆ ಹೇಳಿ ಎದ್ದರು. ಆ ಇನ್ನೊಂದು ಕಣ್ಣಿನ ಪೊರೆ ಹಣ್ಣಾಗಿ ನಿಂತಿತ್ತು. ತಡಮಾಡಿದರೆ ಆಮೇಲೆ ಕಷ್ಟ ಎಂದು ಡಾಕ್ಟರಮ್ಮ ಮಗಳ ಕಿವಿಯಲ್ಲಿ ಹೇಳಿದರು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಬಂದರೆ ಹೊರಗಿನ ಬೆಂಚಿನ ಮೇಲೆ ಬೇಕರಿಯವರು ಕೂತಿದ್ದರು.

“ನೀವೇನು ಇಲ್ಲಿ?”

“ಯಾಕೋ ಟಿವಿ ಮಸುಕಮ್ಮ. ಯಾರಿಗೂ ಹೇಳಬೇಡಿ.”

ಅವರ ಪಕ್ಕದಲ್ಲಿ ಪತ್ರಿಕೆಯಿಂದ ಮುಖ ಮುಚ್ಚಿಕೊಂಡವರು ಟೀಚರಮ್ಮ. ಅವರ ಪಕ್ಕದಲ್ಲಿ ಅತ್ತೆ. ಜೀವಮಾನದಲ್ಲಿ ಮೊದಲ ಸಲ ಅತ್ತೆ ಸೊಸೆ ಒಂದೇ ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು. ಡಾಕ್ಟರಮ್ಮ ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಎಲ್ಲರ ಕಣ್ಣೂ ತಿಳಿಗಾಜಿನಂತಿದೆ, ಎಲ್ಲರಿಗೂ ಮಸುಕು, ಎಲ್ಲರೂ ಒಂದೇ ಬೀದಿ. ಓದಿದವರು ಸುಮ್ಮನೆ ಕೂರುವಂತಿಲ್ಲ. ಆರೋಗ್ಯ ಇಲಾಖೆಗೆ ಫೋನು ಮಾಡಿದರು.

ಮರುದಿನವೇ ಇಲಾಖೆಯ ಇನ್‌ಸ್ಪೆಕ್ಟರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸೀಸೆಗಳ ಪೆಟ್ಟಿಗೆ ಹೊತ್ತ ಸಹಾಯಕನ ಜೊತೆ ಬೀದಿಗಿಳಿದರು. ನಲ್ಲಿಯ ನೀರು ಹಿಡಿದರು. ಚರಂಡಿ ಮೂಸಿದರು, ಮೂಸಿದ್ದಕ್ಕೆ ಮರುಗಿದರು. ಎಲ್ಲರೂ ತಿಂದ ಒಂದೇ ಪದಾರ್ಥ ಯಾವುದೆಂದು ವಿಚಾರಿಸಿದಾಗ ಬನ್ನು ಎಂದು ತಿಳಿಯಿತು. ಸಹಾಯಕ ಒಂದು ಬನ್ನನ್ನು ಚಿಮಟದಲ್ಲಿ ಎತ್ತಿ ಸೀಸೆಗೆ ತುರುಕಿದ.

“ನನ್ನ ಬನ್ನಿಗೂ ಕಣ್ಣಿಗೂ ಏನ್ರೀ ಸಂಬಂಧ?” ಬೇಕರಿಯವರು ಸೌಟು ಹಿಡಿದು ಬೀದಿಗೇ ಬಂದರು. “ಹೊಟ್ಟೆ ಕೆಟ್ಟರೆ ನನ್ನ ಕೇಳಿ! ಕಣ್ಣು ಕೆಟ್ಟರೆ ನಾನು ಹೊಣೆಯಾ?”

“ತನಿಖೆ ಮುಗಿಯೋವರೆಗೂ ಅಂಗಡಿ ಬಾಗಿಲು ಹಾಕಿ. ಕಾಯಿಲೆ ಮೊದಲು ಶುರುವಾಗಿದ್ದು ಯಾರ ಮನೇಲಿ?”

ಬೀದಿಗೆ ಬೀದಿಯೇ ಒಂದೇ ಬಾಗಿಲಿನ ಕಡೆ ಬೆರಳು ತೋರಿಸಿತು.

ಆ ಬಾಗಿಲಿನೊಳಗೆ ಮಾವನವರ ಪೆಟ್ಟಿಗೆ ಕಟ್ಟಿ ನಿಂತಿತ್ತು. ಸಂಜೆಯ ರೈಲಿಗೆ ಅವರು ಹೊರಟಿದ್ದರು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ, “ಅಪ್ಪನ ಆ ಕಣ್ಣೂ ಹೋದ ಮೇಲೆ ಯಾಕೆ ಹೋಯ್ತು ಅಂತ ಯಾರಾದ್ರೂ ಕೇಳ್ತಾರೆ ರೀ. ಆಗಲೂ ಗೊತ್ತು ಅಂತೀರಾ?” ಎಂದಿದ್ದಳು. ಗೊತ್ತಪ್ಪನವರ ಬಾಯಿ ಆ ಪ್ರಶ್ನೆಗೆ ತೆರೆದುಕೊಂಡದ್ದು ಹಾಗೆಯೇ ಇತ್ತು. ಅಷ್ಟರಲ್ಲಿ ಇನ್‌ಸ್ಪೆಕ್ಟರು, ಡಾಕ್ಟರಮ್ಮ, ಸೌಟಿನ ಸಮೇತ ಬೇಕರಿಯವರು, ಟೀಚರಮ್ಮ, ಅತ್ತೆ, ಎಲ್ಲರೂ ಒಳಗೆ ನುಗ್ಗಿದರು. ಅಭ್ಯಾಸಬಲದಿಂದ ಬೀದಿಯವರು ಕೈ ಹಿಂದೆ ಕಟ್ಟಿಕೊಂಡು ಗೆರೆಯ ಹಿಂದೆ ನಿಂತರು. ಸೌಟು ಬೆನ್ನ ಹಿಂದೆ ಹೋಯಿತು.

“ಇದೇನು ಗೆರೆ? ಯಾಕೆ ಹೀಗೆ ನಿಂತಿದೀರಿ? ಕೈಗೂ ಬಂದಿದೆಯಾ ಕಾಯಿಲೆ?” ಎಂದರು ಇನ್‌ಸ್ಪೆಕ್ಟರು.

ಡಾಕ್ಟರಮ್ಮ, “ಎಲ್ಲಿ, ಟಿವಿ ಹಾಕಿ ನೋಡೋಣ” ಎಂದರು.

ಹಾಕಿದರು. ಡಾಕ್ಟರಮ್ಮ ನೋಡಿದರು. ಹತ್ತಾರು ಸಾವಿರ ಕಣ್ಣು ನೋಡಿದ ಆ ತಾಯಿ ತಮ್ಮ ಕಣ್ಣನ್ನು ಉಜ್ಜಿಕೊಂಡರು.

“ಅಯ್ಯೋ ದೇವರೇ, ನನಗೂ ಮಸುಕು!”

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮತ್ತೆ ತೆಗೆದರು. “ನನಗೂ ಬಂತು! ಅಂಟುರೋಗ! ಎಲ್ಲರೂ ಹೊರಗೆ! ಯಾರೂ ಹೊರಗೆ ಹೋಗಬೇಡಿ!”

ಈ ಎರಡು ಆಜ್ಞೆಗಳನ್ನೂ ಒಟ್ಟಿಗೆ ಪಾಲಿಸಲು ಹೋಗಿ ಬಾಗಿಲಲ್ಲಿ ನೂಕುನುಗ್ಗಲಾಯಿತು. ಟೀಚರಮ್ಮನ ಅತ್ತೆ ದೇವರ ನಾಮ ಶುರುಮಾಡಿದರು. ಸಹಾಯಕನ ಸೀಸೆಯಿಂದ ಬನ್ನು ಉರುಳಿತು.

ಆಗ ಸೀಟಿ ಊದಿದ ಸದ್ದು ಕೇಳಿಸಿತು.

ಎಲ್ಲರೂ ನಿಂತಲ್ಲೇ ನಿಂತರು. ಮಾವನವರು ನಿವೃತ್ತಿಯಾದರೂ ಕೊರಳಿಂದ ಇಳಿಸದ ಸೀಟಿಯನ್ನು ಬಾಯಿಂದ ತೆಗೆದರು. ಡಾಕ್ಟರಮ್ಮನಿಗೂ ಮಸುಕು, ಇನ್‌ಸ್ಪೆಕ್ಟರಿಗೂ ಮಸುಕು ಎಂದ ಮೇಲೆ ತಪ್ಪು ತನ್ನ ಕಣ್ಣಿನದಲ್ಲವೇನೋ ಎಂಬ ಒಂದು ಆಸೆ ಅವರ ಮುಖದಲ್ಲಿ ಚಿಗುರಿತ್ತು. ನಿಧಾನವಾಗಿ ಎದ್ದರು. ಗೆರೆ ದಾಟಿದರು. ಬೀದಿಯವರು ಉಸಿರೆಳೆದುಕೊಂಡರು, ಅದುವರೆಗೆ ಯಾರೂ ದಾಟಿರಲಿಲ್ಲ. ಗಾಡಿ ಹೊರಡುವ ಮುನ್ನ ಡಬ್ಬಿ ಡಬ್ಬಿಯ ಬೀಗಮುದ್ರೆ ನೋಡುತ್ತಿದ್ದ ಮನುಷ್ಯ ಟಿವಿಯ ಸುತ್ತ ಮೂಲೆಯಿಂದ ಮೂಲೆಗೆ ಕಣ್ಣಾಡಿಸಿ, ಆ ಪುಟ್ಟ ಕೆಂಪು ಚೂರಿನ ಬಳಿ ನಿಂತರು.

“ಏನೋ ಬರೆದಿದೆ.”

“ಏನಿದೆ ಅಜ್ಜ?” ಡಾಕ್ಟರಮ್ಮ ಬಗ್ಗಿದರು. “ನನಗೆ ಬರೀ ಗೆರೆ ಕಾಣ್ತಿದೆ.”

ಇನ್‌ಸ್ಪೆಕ್ಟರಿಗೆ ಅದೂ ಕಾಣಲಿಲ್ಲ. ಇರುವೆಯ ಕಾಲಿನಷ್ಟು ಅಕ್ಷರ. ಮಾವನವರು ಹೊಸ ಕಣ್ಣನ್ನು ಅದಕ್ಕೆ ಹಿಡಿದು, ಸಿಗ್ನಲ್ಲು ಓದಿದಂತೆ ಒಂದೊಂದೇ ಪದ ಓದಿದರು.

“ಬಳಸುವ, ಮುನ್ನ, ಈ ಹಾಳೆಯನ್ನು, ತೆಗೆಯಿರಿ.”

ಬೇಕರಿಯವರ ಸೌಟು ಬೆನ್ನ ಹಿಂದಿನಿಂದ ಮುಂದಕ್ಕೆ ಬಂತು.

ಮಾವನವರು ತಿರುಗಿ ನೋಡಿದರು. “ಅಳಿಯಂದ್ರೇ, ಇದು ಏನು?”

ಗೊತ್ತಪ್ಪನವರ ನಾಲಿಗೆಗೆ ಉತ್ತರ ಆಗಲೇ ಬಂದು ನಿಂತಿತ್ತು. ಒಂದಲ್ಲ, ಎರಡು. ಅದು ಬೇರೆ ದೇಶದ ಟಿವಿಗೆ ಬರೆದದ್ದು ಎನ್ನಬಹುದು. ತೆಗೆಯಿರಿ ಎಂದರೆ ಮೆಕ್ಯಾನಿಕ್ಕಿಗೆ ಎನ್ನಬಹುದು. ಅವರು ಬಾಯಿ ತೆರೆದರು. ಕಟ್ಟಿ ನಿಂತ ಪೆಟ್ಟಿಗೆ ಕಂಡಿತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕಂಡಳು. ಮಾವನ ಇನ್ನೊಂದು ಕಣ್ಣು, ಪೊರೆ ಕಟ್ಟಿ ಹಾಲಿನಂತಾದದ್ದು, ತನ್ನ ಕಡೆಗೇ ತಿರುಗಿದ್ದು ಕಂಡಿತು.

“ಗೊ...” ಎಂದರು. ಬೀದಿಯೇ ಕಾದು ನಿಂತಿತು. “ಗೊತ್ತಿಲ್ಲ ಮಾವ. ಅವತ್ತೂ ಗೊತ್ತಿರಲಿಲ್ಲ. ಫೋರ್ ಕೆ ಅಂದ್ರೇನು ಅಂತ ಈಗಲೂ ಗೊತ್ತಿಲ್ಲ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ.”

ದೇವರು ಮರೆತಿದ್ದ ಮಾತನ್ನು ಅಷ್ಟು ವರ್ಷಗಳ ಮೇಲೆ ತಲುಪಿಸಿದ್ದ. ಬಾಯಿಂದ ಹೊರಬಿದ್ದ ಅದರ ತೂಕಕ್ಕೆ ಗೊತ್ತಪ್ಪನವರು ಗೋಡೆ ಹಿಡಿದುಕೊಂಡರು.

ಮಾವನವರು ಕೆಂಪು ಚೂರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಪರ್‍ರ್‍ರ್ ಎಂದು ಹಾಳೆ ಆ ತುದಿಯಿಂದ ಈ ತುದಿಗೆ ಬಿಚ್ಚಿಕೊಂಡು ಬಂತು. ಮನೆಯೊಳಗೆ ಬೆಳಗಾಯಿತು. ಪರದೆಯ ಮೇಲೆ ಹಸಿರು ಬೆಟ್ಟವೊಂದರ ಪಕ್ಕದಲ್ಲಿ, ಕಬ್ಬಿಣದ ಸೇತುವೆಯ ಮೇಲೆ, ಉದ್ದನೆಯ ರೈಲೊಂದು ಹೋಗುತ್ತಿತ್ತು. ಸೇತುವೆಯ ಒಂದೊಂದು ಮೊಳೆಯೂ ಎಣಿಸುವಂತಿತ್ತು. ಕೊನೆಯ ಡಬ್ಬಿಯ ಬಾಗಿಲಲ್ಲಿ ಗಾರ್ಡು ನಿಂತಿದ್ದ. ಅವನ ಅಂಗಿಯ ಮೇಲಿನ ಗುಂಡಿಯೊಂದು ಬಿಚ್ಚಿಕೊಂಡಿತ್ತು.

“ಗುಂಡಿ ಹಾಕಿಕೊಂಡಿಲ್ಲ, ಬೇಜವಾಬ್ದಾರಿ” ಎಂದರು ಮಾವನವರು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, “ಇನ್ನೊಂದು ಕಣ್ಣಿಗೆ ಯಾವತ್ತು ಬರಲಿ ತಾಯೀ?” ಎಂದರು.

ಟೀಚರಮ್ಮ ತಮ್ಮ ಟಿವಿಯ ನೆನಪಾಗಿ ಮಹಡಿಗೆ ಓಡಿದರು. ಇನ್‌ಸ್ಪೆಕ್ಟರು ಮೂಗಿನ ಬಟ್ಟೆ ಬಿಚ್ಚಿ, ಬಿದ್ದ ಬನ್ನನ್ನು ಎತ್ತಿಕೊಟ್ಟು ಬೇಕರಿಯವರ ಕ್ಷಮೆ ಕೇಳಿದರು. ಬೇಕರಿಯವರು, “ನಿಮ್ಮನ್ನ ಆಮೇಲೆ ನೋಡ್ಕೊಳ್ತೀನಿ ರಾಯರೇ, ಮೊದಲು ಮನೆಗೆ ಹೋಗಿ ಬ್ರೆಡ್ಡಿನ ಕವರು ಕೀಳಬೇಕು” ಎಂದು ಗೊತ್ತಪ್ಪನವರಿಗೆ ಸೌಟು ತೋರಿಸಿ ಹೋದರು. ಮಗಳು ಪೆಟ್ಟಿಗೆಯ ಹಗ್ಗ ಬಿಚ್ಚಿದಳು.

ಗೊತ್ತಪ್ಪನವರು ಮಾತ್ರ ಕಿತ್ತ ಹಾಳೆಯನ್ನು ಸನ್ಮಾನದ ಶಾಲಿನಂತೆ ತೋಳ ಮೇಲೆ ಹಾಕಿಕೊಂಡು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಅಳಿಸಿಹೋದ ಗೆರೆಯ ಮೇಲೆ ನಿಂತಿದ್ದರು.

ಮಾವನವರು ಕುರ್ಚಿಯಲ್ಲಿ ಕೂತು ಅವರನ್ನು ಇಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ನೋಡಿದರು. ಆಮೇಲೆ ಮಗಳನ್ನು ಕರೆದರು.

“ಹುಡುಗ ಒಳ್ಳೆಯವನು” ಎಂದರು.

ಮಗಳ ಕೈಯಲ್ಲಿದ್ದ ಹಗ್ಗ ನೆಲಕ್ಕೆ ಬಿತ್ತು.

“ಆದರೆ...”

ಅಷ್ಟರಲ್ಲಿ ಟಿವಿಯೊಳಗಿನ ರೈಲು ಜೋರಾಗಿ ಕೂಗಿತು. ಗೊತ್ತಪ್ಪನವರು ಕಣ್ಣು ಮುಚ್ಚಿಕೊಂಡರು. ಮುಗಿಯಿತು, ಈ ಗಾಡಿಯೂ ಹೊರಟಿತು, ಇನ್ನು ಮುಂದಿನ ಜನ್ಮಕ್ಕೆ. ಆದರೆ ಈ ಸಲ ಮಾವನವರಿಗೆ ಬೀಸಲು ಬಾವುಟವಿರಲಿಲ್ಲ, ಹತ್ತಲು ಡಬ್ಬಿಯಿರಲಿಲ್ಲ. ರೈಲು ಕೂಗಿ ಮುಗಿಸುವವರೆಗೆ ಸಮಾಧಾನವಾಗಿ ಕಾದು, ಮಾತು ಮುಗಿಸಿದರು.

“ಆದರೆ, ಟಿವಿಗೆ ಅಡ್ಡ ನಿಂತಿದಾನೆ. ಒಂಚೂರು ಆ ಕಡೆ ಸರಿಯೋಕೆ ಹೇಳು.”

ಗೊತ್ತಪ್ಪನವರು ಸರಿದರು. ಅಷ್ಟು ಸಂತೋಷವಾಗಿ ಪಕ್ಕಕ್ಕೆ ಸರಿದ ಮನುಷ್ಯನನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ.